ಕೈನೆಸಿನ್ ನೆಟ್‌ವರ್ಕಿನ ಎಂಟ್ರೊಪಿ ಉತ್ಪಾದನೆ: ಮೂರು ದಾರಿ, ಮೂರು ಉತ್ತರ. ಎಡವುವುದೆಲ್ಲಿ?

ಶಾಖಸ್ನಾನ
ಲೀಪೆಲ್ಟ್ ಮತ್ತು ಲಿಪೊವ್ಸ್ಕಿ 2007ರಲ್ಲಿ ಕೊಟ್ಟ ಕೈನೆಸಿನ್ (ಎಟಿಪಿ ಎಂಬ ಇಂಧನ ಅಣುವನ್ನು ಎಡಿಪಿ, ಫಾಸ್ಫೇಟ್ ಆಗಿ ಒಡೆದು ಹೆಜ್ಜೆ ಹಾಕುವ ಮೋಟಾರು ಪ್ರೋಟೀನ್) ಮಾದರಿ: ಆರು ಸ್ಥಿತಿಗಳು, ಏಳು ಕೊಂಡಿಗಳು. ಇದರ ಸ್ಟೆಡಿ ಸ್ಟೇಟ್ (ಸಂಭಾವ್ಯತೆಗಳು ಬದಲಾಗದೆ ನೆಲೆ ನಿಂತಾಗಿನ) ಎಂಟ್ರೊಪಿ ಉತ್ಪಾದನೆಯನ್ನು ಮೂರು ದಾರಿಯಲ್ಲಿ ತೆಗೆಯಬಹುದು. ಒಂದು, ದರಗಳಿಂದ ನೇರವಾಗಿ. ಎರಡು, ಗಿಲೆಸ್ಪಿ ಸಿಮ್ಯುಲೇಶನ್ (ದರಗಳಿಗೆ ತಕ್ಕಂತೆ ಒಂದೊಂದೇ ಜಿಗಿತವನ್ನು ಯಾದೃಚ್ಛಿಕವಾಗಿ ಆರಿಸುವುದು) ಓಡಿಸಿ ಜಿಗಿತಗಳನ್ನು ಎಣಿಸಿ. ಮೂರು, ಮೋಟಾರು ಎಳೆಯುವ ಮಣಿಯ ಸ್ಥಾನವನ್ನಷ್ಟೇ ನೋಡಿ ಥರ್ಮೊಡೈನಾಮಿಕ್ ಅನಿಶ್ಚಿತತೆಯ ಅಸಮಾನತೆಯಿಂದ (ಮುಂದೆ ಟಿಯುಆರ್ ಅನ್ನುತ್ತೇನೆ). ಮೂರೂ ಹೊಂದುವುದಿಲ್ಲ. ಸ್ಟಾಲ್ ಬಲದ (ಮೋಟಾರನ್ನು ನಿಲ್ಲಿಸುವ ಎದುರು ಬಲ) ಹತ್ತಿರವಂತೂ ಮೂರನೆಯದು ಸೊನ್ನೆ ಕೊಡುತ್ತದೆ. ಟಿಯುಆರ್ ಕೊಡುವುದು ಕೆಳಮಿತಿ ಮಾತ್ರ ಎಂಬುದು ಗೊತ್ತು, ಆದರೆ ಸೊನ್ನೆ ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವುದನ್ನು ಮೊದಲು ಪರೀಕ್ಷಿಸಬೇಕು, ಯಾವ ಕ್ರಮದಲ್ಲಿ?

ಕೊಂಡಿಕೋಲು
ಮೊದಲು ಚಿತ್ರ. ಕೋಡ್ ಆಮೇಲೆ.

1-2-3-4-5-6-1 ಎಂಬ ಉಂಗುರ, ಅದರ ಮಧ್ಯೆ 2-5 ಎಂಬ ಅಡ್ಡಕೊಂಡಿ. 2→5 ಆದರೆ ಮೋಟಾರು 8 ನ್ಯಾನೊಮೀಟರ್ ಮುಂದಕ್ಕೆ, 5→2 ಆದರೆ ಅಷ್ಟೇ ಹಿಂದಕ್ಕೆ. ಉಳಿದ ಆರು ಕೊಂಡಿಗಳು ರಾಸಾಯನಿಕ: 1→2 ಮತ್ತು 4→5 ಎಟಿಪಿ ಅಂಟುವುದು, 6→1 ಮತ್ತು 3→4 ಜಲವಿಭಜನೆ, 2→3 ಮತ್ತು 5→6 ಎಡಿಪಿ ಬಿಡುವುದು. ಸ್ವತಂತ್ರ ಸುತ್ತುಗಳು 7 − 6 + 1 = 2. ಷ್ನಾಕೆನ್‌ಬರ್ಗ್ 1976ರಲ್ಲಿ ತೋರಿಸಿದ್ದು ಇದನ್ನೇ: ಸ್ಟೆಡಿ ಸ್ಟೇಟಿನ ಎಂಟ್ರೊಪಿ ಉತ್ಪಾದನೆ ಎಂದರೆ ಸ್ವತಂತ್ರ ಸುತ್ತುಗಳ ಕರೆಂಟನ್ನು (ಸೆಕೆಂಡಿಗೆ ನಿವ್ವಳ ಎಷ್ಟು ಸಲ ದಾಟಿತು ಎಂಬುದು) ಆಯಾ ಸುತ್ತಿನ ಅಫಿನಿಟಿಯಿಂದ ಗುಣಿಸಿ ಕೂಡಿದ್ದು. ಸುತ್ತಿನಲ್ಲಿ ಮುಂದಿನ ದರಗಳ ಗುಣಲಬ್ಧವನ್ನು ಹಿಂದಿನ ದರಗಳ ಗುಣಲಬ್ಧದಿಂದ ಭಾಗಿಸಿ ನೈಸರ್ಗಿಕ ಲಾಗ್ ತೆಗೆದರೆ ಅಫಿನಿಟಿ.

ಇಲ್ಲಿ ಮೂರು ಸುತ್ತು ಕಾಣುತ್ತವೆ.
2→5→6→1→2: ಒಂದು ಎಟಿಪಿ, ಒಂದು ಮುಂದಿನ ಹೆಜ್ಜೆ. ಅಫಿನಿಟಿ = (ಎಟಿಪಿ ಶಕ್ತಿ − ಬಲ × 8) ÷ ಕೆಟಿ. (ಕೆಟಿ ಎಂದರೆ ಉಷ್ಣಶಕ್ತಿಯ ಅಳತೆ: ಬೋಲ್ಟ್ಸ್‌ಮನ್ ಸ್ಥಿರಾಂಕ ಕೆಬಿ × ತಾಪಮಾನ.)
5→2→3→4→5: ಒಂದು ಎಟಿಪಿ, ಒಂದು ಹಿಂದಿನ ಹೆಜ್ಜೆ. ಅಫಿನಿಟಿ = (ಎಟಿಪಿ ಶಕ್ತಿ + ಬಲ × 8) ÷ ಕೆಟಿ.
ಹೊರಗಿನ ಪೂರ್ತಿ ಉಂಗುರ: ಎರಡು ಎಟಿಪಿ, ಹೆಜ್ಜೆಯೇ ಇಲ್ಲ. ಮೊದಲೆರಡರ ಮೊತ್ತ.

ದರಗಳನ್ನು ಹಾಕಿದ ಮೇಲೆ ಈ ಮೂರು ಸಂಖ್ಯೆಗಳನ್ನು ಪ್ರಿಂಟ್ ಮಾಡಿ ನೋಡಿ. ಇಲ್ಲಿ ತಪ್ಪಿದ್ದರೆ ಮುಂದಿನದೆಲ್ಲ ವ್ಯರ್ಥ. 14 ದರಗಳಿವೆ, ಎರಡು ಸುತ್ತುಗಳ ನಿರ್ಬಂಧವಿದೆ, ಹಾಗಾಗಿ ಸ್ವತಂತ್ರವಾಗಿ ಹೊಂದಿಸಬಹುದಾದದ್ದು 12. ಹದಿನಾಲ್ಕನ್ನೂ ಸಡಿಲ ಬಿಟ್ಟು ಫಿಟ್ ಮಾಡಿದರೆ ವೇಗದ ಗ್ರಾಫ್ ಚೆನ್ನಾಗಿಯೇ ಬರುತ್ತದೆ, ಅಫಿನಿಟಿ ಮಾತ್ರ ಎಲ್ಲೋ ಹೋಗಿ ಕೂತಿರುತ್ತದೆ.

ಇನ್ನೊಂದು ಮಾಮೂಲಿ ತಪ್ಪು ಬಲದ್ದು. 2→5 ದರಕ್ಕೂ 5→2 ದರಕ್ಕೂ ಪೂರ್ತಿ ಘಾತವನ್ನೇ ಹಾಕಿಬಿಡುತ್ತಾರೆ, ಆಗ ಅಫಿನಿಟಿಯಲ್ಲಿ ಬಲ × 8 ಬದಲು ಅದರ ಎರಡರಷ್ಟು ಬರುತ್ತದೆ. ಒಂದಕ್ಕೆ ಒಂದು ಪಾಲು, ಇನ್ನೊಂದಕ್ಕೆ ಉಳಿದ ಪಾಲು, ಒಟ್ಟು 1 ಆಗಬೇಕು. ಪಾಲು 0.65 ಇರಲಿ 0.3 ಇರಲಿ, ವೇಗ ಬದಲಾಗುತ್ತದೆ, ಅಫಿನಿಟಿ ಬದಲಾಗಬಾರದು.

ತುಂಗೆಯಾಚೆ
ಎಟಿಪಿ ಶಕ್ತಿಗೆ ಯಾವ ಸಂಖ್ಯೆ ಹಾಕಿದ್ದೀರಿ ಶಾಖಸ್ನಾನ ಅವರೇ? "20 ಕೆಟಿ" ಎಂದು ಕಣ್ಣುಮುಚ್ಚಿ ಬರೆಯುವವರೇ ಹೆಚ್ಚು. 298 ಕೆಲ್ವಿನ್‌ನಲ್ಲಿ ಮೋಲ್‌ಗೆ 2.479 ಕಿಲೊಜೂಲ್ ಅಂದರೆ ಒಂದು ಕೆಟಿ. ಪ್ರಮಾಣಿತ ಸ್ಥಿತಿಯ 30.5 ಕಿಲೊಜೂಲ್ ಸುಮಾರು 12.3 ಕೆಟಿ ಆಯಿತು. ಅದರ ಮೇಲೆ ಸಾಂದ್ರತೆಯ ಲಾಗ್ ಕೂಡಬೇಕು. ಎಟಿಪಿ 1 ಮಿಲಿಮೋಲಾರ್, ಎಡಿಪಿ 10 ಮೈಕ್ರೊಮೋಲಾರ್, ಫಾಸ್ಫೇಟ್ 1 ಮಿಲಿಮೋಲಾರ್ ಇದ್ದರೆ ಅನುಪಾತ 1,00,000, ಲಾಗ್ 11.5. ಒಟ್ಟು 23.8 ಕೆಟಿ.

ಪ್ರಯೋಗದ ದತ್ತಾಂಶದೊಂದಿಗೆ ಹೋಲಿಸುವವರು ಒಂದು ಗಮನಿಸಿ: ಬಫರ್‌ಗೆ ಎಡಿಪಿಯನ್ನೂ ಫಾಸ್ಫೇಟನ್ನೂ ಗೊತ್ತಿರುವ ಪ್ರಮಾಣದಲ್ಲಿ ಹಾಕಿರದಿದ್ದರೆ ಈ ಲಾಗ್‌ಗೆ ಅರ್ಥವೇ ಇಲ್ಲ. ಛೇದ ಸೊನ್ನೆಗೆ ಹತ್ತಿರ, ಅಫಿನಿಟಿ ಬಾಯಿಗೆ ಬಂದಷ್ಟು. ಆಗ ಬರುವ ಎಂಟ್ರೊಪಿ ಸಂಖ್ಯೆ ಎಟಿಪಿ ಪುಡಿಯಲ್ಲಿದ್ದ ಎಡಿಪಿ ಕಲಬೆರಕೆ ಎಷ್ಟು ಎಂಬುದನ್ನಷ್ಟೇ ಹೇಳುತ್ತದೆ.

ಸ್ಟಾಲ್ ವಿಷಯಕ್ಕೆ ಬರೋಣ. ಒಂದೇ ಸುತ್ತು ಎಂದುಕೊಂಡರೆ ಮೋಟಾರು ನಿಲ್ಲಬೇಕಾದದ್ದು 23.8 × 4.11 ÷ 8, ಅಂದರೆ 12.2 ಪಿಕೊನ್ಯೂಟನ್‌ನಲ್ಲಿ. ಪ್ರಯೋಗದಲ್ಲಿ ನಿಲ್ಲುವುದು 7ರ ಆಸುಪಾಸಿನಲ್ಲಿ. ಕಾರ್ಟರ್ ಮತ್ತು ಕ್ರಾಸ್ 2005ರಲ್ಲಿ ಹಿಂದಿನ ಹೆಜ್ಜೆಗಳನ್ನು ಚೆನ್ನಾಗಿ ಅಳೆದರು. ಹಿಂದಿನ ಹೆಜ್ಜೆ ಎಂದರೆ ಮುಂದಿನ ಹೆಜ್ಜೆಯ ಫಿಲ್ಮನ್ನು ಉಲ್ಟಾ ಓಡಿಸಿದ್ದಲ್ಲ, ಅದಕ್ಕೂ ಎಟಿಪಿ ಬೇಕು. ಎರಡನೆಯ ಸುತ್ತು ಇರುವುದೇ ಇದಕ್ಕಾಗಿ. ಸ್ಟಾಲ್‌ನಲ್ಲಿ 2-5 ಕೊಂಡಿಯ ನಿವ್ವಳ ಕರೆಂಟು ಸೊನ್ನೆ, ಹೊರ ಉಂಗುರದ ಕರೆಂಟು ಸೊನ್ನೆಯಲ್ಲ. ಸೆಕೆಂಡಿಗೆ 10 ಎಟಿಪಿ ಖರ್ಚಾಗುತ್ತಿದೆ ಎಂದಿಟ್ಟುಕೊಳ್ಳಿ: ಮಣಿ ನಿಂತಲ್ಲೇ ನಿಂತಿದೆ, ಎಂಟ್ರೊಪಿ ಸೆಕೆಂಡಿಗೆ 238 ಕೆಬಿ ಹುಟ್ಟುತ್ತಿದೆ. ನಿಮ್ಮ ಮೂರನೆಯ ದಾರಿ ಸೊನ್ನೆ ಕೊಡುವುದು ಸರಿಯೇ, ಅದು ನೋಡುತ್ತಿರುವುದು ಕರೆಂಟಿಲ್ಲದ ಕೊಂಡಿಯನ್ನು.

ಮುಂದಿನ ಮತ್ತು ಹಿಂದಿನ ಹೆಜ್ಜೆಗಳ ಅನುಪಾತದ ಲಾಗ್ ತೆಗೆದು "ಇದೇ ಅಫಿನಿಟಿ" ಎನ್ನುವವರೂ ಎಡವುವುದು ಇಲ್ಲೇ.

ಮಾರ್ಕೊವ್‌ಮಾವ
ಆರು ಸ್ಥಿತಿಗೆ ಹೋಗುವ ಮುಂಚೆ ಕೋಡನ್ನು ಮೂರು ಸ್ಥಿತಿಯ ಉಂಗುರದಲ್ಲಿ ಓಡಿಸಿ. ಮುಂದಕ್ಕೆ ಎಲ್ಲ ದರ 3, ಹಿಂದಕ್ಕೆ ಎಲ್ಲ ದರ 1. ಪ್ರತಿ ಸ್ಥಿತಿಯ ಸಂಭಾವ್ಯತೆ 1/3, ಕೊಂಡಿಯ ಕರೆಂಟು 2/3, ಅಫಿನಿಟಿ 3 × ಲಾಗ್ 3 = 3.296. ಗುಣಿಸಿದರೆ ಸೆಕೆಂಡಿಗೆ 2.197 ಕೆಬಿ. ನಿವ್ವಳ ಜಿಗಿತಗಳ (ಮುಂದಿನವು − ಹಿಂದಿನವು) ಸರಾಸರಿ ಸೆಕೆಂಡಿಗೆ 2, ವೇರಿಯನ್ಸ್ 4. ಟಿಯುಆರ್ ಅಂದರೆ ವೇರಿಯನ್ಸ್ ÷ ಸರಾಸರಿಯ ವರ್ಗ ≥ 2 ÷ ಎಂಟ್ರೊಪಿ ಉತ್ಪಾದನೆ; ಅದರ ಎಡಭಾಗ 4/4 = 1, ಬಲಭಾಗ 2/2.197 = 0.91. ಹತ್ತಿರ ಹತ್ತಿರ, ಆದರೂ ಮೀರಿಲ್ಲ. ಈ ನಾಲ್ಕು ಸಂಖ್ಯೆ ಬರದಿದ್ದರೆ ಕೈನೆಸಿನ್ ಮುಟ್ಟಬೇಡಿ.

ಆಮೇಲೆ ಲೀನಿಯರ್ ಆಲ್ಜೀಬ್ರಾ. ಕೈನೆಸಿನ್ ದರಗಳು ಸೆಕೆಂಡಿಗೆ ಲಕ್ಷಗಟ್ಟಲೆಯಿಂದ ಒಂದಕ್ಕೂ ಕಡಿಮೆಯವರೆಗೆ ಹರಡಿವೆ. ದರಗಳ ಮ್ಯಾಟ್ರಿಕ್ಸಿನ ಒಂದು ಸಾಲು ಕಿತ್ತು ಅಲ್ಲಿ 1, 1, 1 ತುಂಬಿ ಸಾಲ್ವ್ ಮಾಡುವ ಉಪಾಯ ಇಲ್ಲಿ ಕೈಕೊಡುತ್ತದೆ. ಪುಟ್ಟ ಸಂಭಾವ್ಯತೆಗಳು ಋಣಾತ್ಮಕವಾಗಿ ಬರುವುದು ಮೊದಲ ಲಕ್ಷಣ. ಗ್ರಾಸ್‌ಮನ್, ಟಕ್ಸಾರ್, ಹೇಮನ್ 1985ರಲ್ಲಿ ಕೊಟ್ಟ ಅಲ್ಗಾರಿದಮ್ ಬಳಸಿ: ಸ್ಥಿತಿಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗುತ್ತದೆ, ಕಳೆಯುವ ಲೆಕ್ಕವೇ ಇಲ್ಲ, ಹಾಗಾಗಿ ಅಂಕೆಗಳು ನುಂಗಿಹೋಗುವುದಿಲ್ಲ. ಇಪ್ಪತ್ತು ಸಾಲಿನ ಕೋಡು.

ಕರೆಂಟಿನಲ್ಲಿ ಮಾತ್ರ ಕಳೆಯಲೇಬೇಕು, ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸ. ಅದಕ್ಕೇ ಪ್ರತಿ ಸ್ಥಿತಿಯಲ್ಲೂ ಒಳಬರುವ ಹೊರಹೋಗುವ ಕರೆಂಟುಗಳ ಮೊತ್ತ ಸೊನ್ನೆಯೇ ಎಂದು ನೋಡಿ. ಕೊನೆಗೆ ಎಂಟ್ರೊಪಿಯನ್ನು ಏಳೂ ಕೊಂಡಿಗಳ ಮೇಲೆ ಕೂಡಿಯೂ ತೆಗೆಯಿರಿ, ಎರಡು ಸುತ್ತುಗಳಿಂದಲೂ ತೆಗೆಯಿರಿ. ಎಂಟು ಅಂಕೆಯಾದರೂ ಒಂದೇ ಇರಬೇಕು.

ಹೊಸಕೊಂಡಿ
ಸರ್, ಒಂದು ಸಣ್ಣ ಪ್ರಶ್ನೆ. ಎರಡೇ ಸ್ಥಿತಿಗಳಿದ್ದರೆ ಎಂಟ್ರೊಪಿ ಉತ್ಪಾದನೆ ಯಾವಾಗಲೂ ಸೊನ್ನೆ ಅಂತ ಓದಿದ್ದೆ. ಹಾಗಾದರೆ ಬಿಸಿ ಬಾತ್ (ಶಾಖದ ಆಗರ), ತಣ್ಣನೆ ಬಾತ್ ಎರಡಕ್ಕೂ ತಾಗಿಕೊಂಡಿರುವ ಎರಡು ಸ್ಥಿತಿಯ ವ್ಯವಸ್ಥೆ?

ಮಾರ್ಕೊವ್‌ಮಾವ
ಒಳ್ಳೆಯ ಪ್ರಶ್ನೆ ಕಣಪ್ಪ. ಎರಡು ಬಾತ್ ಇದ್ದರೆ ಕೊಂಡಿಯೂ ಎರಡು. ಬಿಸಿ ಬಾತ್: ಮೇಲಕ್ಕೆ 2, ಕೆಳಕ್ಕೆ 3. ತಣ್ಣನೆಯದು: ಮೇಲಕ್ಕೆ 0.5, ಕೆಳಕ್ಕೆ 4. ದರಗಳನ್ನು ಕೂಡಿ ಒಂದೇ ಕೊಂಡಿ ಮಾಡಿದರೆ 2.5 ಮತ್ತು 7, ಎಂಟ್ರೊಪಿ ಸೊನ್ನೆ. ಬೇರೆ ಬೇರೆ ಇಟ್ಟರೆ ಸುತ್ತು ಒಂದು ಹುಟ್ಟುತ್ತದೆ: ಬಿಸಿಯಿಂದ ಮೇಲೇರಿ ತಣ್ಣನೆಯದರಿಂದ ಕೆಳಗಿಳಿ. ಅಫಿನಿಟಿ ಲಾಗ್(2/3 × 4/0.5) = 1.674. ಸಂಭಾವ್ಯತೆಗಳು 0.737 ಮತ್ತು 0.263, ಕರೆಂಟು 0.684. ಉತ್ಪಾದನೆ ಸೆಕೆಂಡಿಗೆ 1.145 ಕೆಬಿ. ಸಂಭಾವ್ಯತೆಗಳಲ್ಲಿ ಎರಡು ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ, ಎಂಟ್ರೊಪಿಯಲ್ಲಿ ಇದೆ. ಬರೀ ಮಾಸ್ಟರ್ ಸಮೀಕರಣ (ಸಂಭಾವ್ಯತೆಗಳು ಬದಲಾಗುವ ಸಮೀಕರಣ) ನೋಡುವವರಿಗೆ ಇದು ಕಾಣುವುದೇ ಇಲ್ಲ. ನೆಟ್‌ವರ್ಕ್ ಲೈಬ್ರರಿ ಬಳಸುವಾಗ ಬಹುಕೊಂಡಿ ಗ್ರಾಫ್ ಆಯ್ಕೆ ಮಾಡು. ಮಾಮೂಲಿ ಗ್ರಾಫ್ ಆದರೆ ಎರಡನೆಯ ಕೊಂಡಿ ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿ ಕೂರುತ್ತದೆ.

ಎಣಿಕೆಗಾರ
ಎರಡನೆಯ ದಾರಿಗೆ ಬರುತ್ತೇನೆ, ಸಿಮ್ಯುಲೇಶನ್‌ನಿಂದ ಎಣಿಸುವುದು. ಸೂತ್ರ ಸರಳ: ಪ್ರತಿ ಕೊಂಡಿಗೆ (ಮುಂದಿನ ಎಣಿಕೆ − ಹಿಂದಿನ ಎಣಿಕೆ) × ಲಾಗ್(ಮುಂದಿನ ÷ ಹಿಂದಿನ), ಎಲ್ಲ ಕೂಡಿ ಒಟ್ಟು ಸಮಯದಿಂದ ಭಾಗಿಸಿ. ಇದು ಯಾವಾಗಲೂ ಮೇಲಕ್ಕೆ ವಾಲುತ್ತದೆ, ಏಕೆಂದರೆ ಪ್ರತಿ ಪದವೂ ಧನಾತ್ಮಕ. ಪೂರ್ತಿ ಸಮತೋಲನದಲ್ಲಿರುವ ನೆಟ್‌ವರ್ಕ್ ಕೊಟ್ಟರೂ ಸೊನ್ನೆ ಬರುವುದಿಲ್ಲ. ಎಣಿಕೆಗಳ ವ್ಯತ್ಯಾಸದ ವರ್ಗ ಸರಾಸರಿಯಲ್ಲಿ ಒಟ್ಟು ಎಣಿಕೆಯಷ್ಟೇ ಇರುತ್ತದೆ, ಲಾಗನ್ನು ಬಿಡಿಸಿದರೆ ಪ್ರತಿ ಕೊಂಡಿಗೆ 2 ಕೆಬಿ ಸುಳ್ಳು ಎಂಟ್ರೊಪಿ. ಅದನ್ನು ಸಮಯದಿಂದ ಭಾಗಿಸಿ ಕಳೆದುಬಿಡಿ.

ಕೊಂಡಿಕೋಲು
ಎಣಿಕೆಗಾರರೇ, ಕೊಂಡಿಗೆ 2 ಅಲ್ಲ, ಸ್ವತಂತ್ರ ಸುತ್ತಿಗೆ 2. ಕೊಂಡಿಗಳ ಎಣಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಸುತ್ತಿನಲ್ಲಿಲ್ಲದ ಕೊಂಡಿಯನ್ನೇ ತಗೊಳ್ಳಿ: ಅತ್ತ ಹೋದವನು ಇತ್ತ ಬರಲೇಬೇಕು, ವ್ಯತ್ಯಾಸ ಹೆಚ್ಚೆಂದರೆ 1. ಮೂರು ಸ್ಥಿತಿಯ ಉಂಗುರದಲ್ಲಿ ಮೂರು ಕೊಂಡಿಗಳ ವ್ಯತ್ಯಾಸವೂ ಒಂದೇ, ಅದರ ವೇರಿಯನ್ಸ್ ಕೊಂಡಿಯ ಎಣಿಕೆಯ ಮೂರನೇ ಒಂದು ಭಾಗ, ಮೂರು ಕೊಂಡಿ ಕೂಡಿದರೆ ಒಟ್ಟು 2. ನಿಮ್ಮ ಲೆಕ್ಕದಂತೆ 6 ಕಳೆದರೆ ಉತ್ತರ ಋಣಾತ್ಮಕಕ್ಕೆ ಇಳಿಯುತ್ತದೆ.

50 ಸ್ಥಿತಿ, 200 ಕೊಂಡಿಯ ನೆಟ್‌ವರ್ಕಿನಲ್ಲಿ 151 ಸುತ್ತು. 100 ಸೆಕೆಂಡು ಓಡಿಸಿದರೆ ವಾಲಿಕೆ ಸೆಕೆಂಡಿಗೆ ಸುಮಾರು 3 ಕೆಬಿ. ನಿಜವಾದ ಉತ್ಪಾದನೆ 1 ಇದ್ದರೆ ಕಾಣುವುದು 4. ದೊಡ್ಡ ನೆಟ್‌ವರ್ಕ್‌ಗಳಲ್ಲಿ "ಸಮತೋಲನದಿಂದ ದೂರ" ಎಂಬ ಹೇಳಿಕೆ ಕಂಡಾಗ ಓಡಿಸಿದ ಸಮಯ ಎಷ್ಟು, ಸುತ್ತುಗಳೆಷ್ಟು ಅಂತ ಮೊದಲು ಕೇಳಬೇಕು. ಈ 2 ಎಂಬುದೂ ಸಮತೋಲನದ ಹತ್ತಿರ, ಪ್ರತಿ ಕೊಂಡಿಯನ್ನೂ ಸಾಕಷ್ಟು ಸಲ ದಾಟಿದ್ದಾಗ ಮಾತ್ರ. ನಂಬಿಕೆ ಬಾರದಿದ್ದರೆ ಟ್ರಾಜೆಕ್ಟರಿಯನ್ನು ಅರ್ಧ, ಕಾಲು ಮಾಡಿ ಮತ್ತೆ ಲೆಕ್ಕ ಹಾಕಿ, 1 ÷ ಸಮಯದ ಎದುರು ಗೆರೆ ಎಳೆದು ಸೊನ್ನೆಗೆ ಮುಟ್ಟಿಸಿ.

ಎಣಿಕೆಗಾರ
ಒಪ್ಪಿದೆ, ನಿರ್ಬಂಧ ಸೇರಿಸಿದರೆ ಸುತ್ತುಗಳೇ ಉಳಿಯುತ್ತವೆ. ಇದರ ಜೊತೆ ಸ್ಯಾಂಪ್ಲಿಂಗ್. ಗಿಲೆಸ್ಪಿಯಲ್ಲಿ ಪ್ರತಿ ಜಿಗಿತವೂ ಸಿಗುತ್ತದೆ, ಕ್ಯಾಮೆರಾದಲ್ಲಿ ಸಿಗುವುದಿಲ್ಲ. ಅದೇ 3-1 ಉಂಗುರವನ್ನು ಇಷ್ಟಿಷ್ಟು ಹೊತ್ತಿಗೊಮ್ಮೆ ನೋಡಿದರೆ ಬರುವ ಎಂಟ್ರೊಪಿ ದರ (ನಿಜವಾದದ್ದು 2.197):

0.01 ಸೆಕೆಂಡಿಗೊಮ್ಮೆ: 1.99
0.1 ಸೆಕೆಂಡಿಗೊಮ್ಮೆ: 0.81
0.5 ಸೆಕೆಂಡಿಗೊಮ್ಮೆ: 0.012

ಒಂದು ಸ್ಥಿತಿಯಲ್ಲಿ ಸರಾಸರಿ ನಿಲ್ಲುವ ಸಮಯ 0.25 ಸೆಕೆಂಡು. 0.1 ಸಾಕಷ್ಟು ವೇಗ ಅನ್ನಿಸುತ್ತದೆ, ಆದರೆ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಹೋಗಿಬಿಟ್ಟಿತು. ಎರಡು ಜಿಗಿತ ಮುಂದಕ್ಕೆ ಹೋದದ್ದು ಮೂರು ಸ್ಥಿತಿಯ ಉಂಗುರದಲ್ಲಿ ಒಂದು ಜಿಗಿತ ಹಿಂದಕ್ಕೆ ಹೋದಂತೆ ಕಾಣುವುದರಿಂದ ಇಷ್ಟು ನಷ್ಟ. ನಿಲ್ಲುವ ಸಮಯದ ಇಪ್ಪತ್ತನೇ ಒಂದು ಭಾಗಕ್ಕಿಂತ ನಿಧಾನವಾಗಿ ನೋಡಿದರೆ ಅಂಕಿಯನ್ನು ಕೆಳಮಿತಿ ಎಂದಷ್ಟೇ ಬರೆಯಿರಿ.

ಹೊಸಕೊಂಡಿ
ಹಿಂದಿನ ಜಿಗಿತ ಒಂದೂ ಸಿಗದಿದ್ದರೆ? ಲಾಗ್ ಅನಂತ ಆಗುತ್ತಲ್ಲ. 1 ಸೇರಿಸಿಬಿಡಬಹುದಾ?

ತುಂಗೆಯಾಚೆ
ಸೇರಿಸಿದರೆ ಉತ್ತರ ಬರುತ್ತದೆ, ಆದರೆ ಅದು ನಿಮ್ಮ 1ರ ಉತ್ತರ. ಓಡಿಸುವ ಸಮಯ ದುಪ್ಪಟ್ಟು ಮಾಡಿದರೆ ಆ ಕೊಂಡಿಯ ಲಾಗ್ 0.69 ಏರುತ್ತದೆ, ಅಂದರೆ ಯಾವತ್ತೂ ನೆಲೆ ನಿಲ್ಲುವುದಿಲ್ಲ. ಸರಿಯಾದ ದಾರಿ: ಹಿಂದಿನ ದರವನ್ನು ಲೋಕಲ್ ಡೀಟೇಲ್ಡ್ ಬ್ಯಾಲೆನ್ಸ್‌ನಿಂದ ತರುವುದು. ಎರಡು ಸ್ಥಿತಿಗಳ ಶಕ್ತಿ ವ್ಯತ್ಯಾಸ, ಮಾಡಿದ ಕೆಲಸ, ಖರ್ಚಾದ ಅಣುವಿನ ರಾಸಾಯನಿಕ ವಿಭವ ಗೊತ್ತಿದ್ದರೆ ಅನುಪಾತವೂ ಗೊತ್ತು. ಅವು ಗೊತ್ತಿಲ್ಲದಿದ್ದರೆ ಆ ಕೊಂಡಿಯನ್ನು ಎಣಿಕೆಯಿಂದ ಅಂದಾಜು ಮಾಡಬಾರದು, ಟಿಯುಆರ್‌ಗೆ ಹೋಗಬೇಕು.

ಸಾಮಾಜಿಕ ಜಾಲ, ವೆಬ್ ಜಾಲಗಳ ಮೇಲೆ "ಎಂಟ್ರೊಪಿ ಉತ್ಪಾದನೆ" ಲೆಕ್ಕ ಹಾಕುವ ಪ್ರಬಂಧಗಳಲ್ಲೂ ಇದೇ ಕಾಯಿಲೆ. ದಿಕ್ಕಿಲ್ಲದ ಕೊಂಡಿಗಳ ಮೇಲೆ ಯಾದೃಚ್ಛಿಕ ನಡಿಗೆಯಾದರೆ ಡೀಟೇಲ್ಡ್ ಬ್ಯಾಲೆನ್ಸ್ (ಪ್ರತಿ ಕೊಂಡಿಯಲ್ಲೂ ಮುಂದಕ್ಕೂ ಹಿಂದಕ್ಕೂ ಹರಿವು ಸಮ) ತಾನಾಗೇ ಇರುತ್ತದೆ, ಉತ್ತರ ಸೊನ್ನೆ, ಜಾಲ ಎಷ್ಟೇ ಜಟಿಲವಾಗಿರಲಿ. ದಿಕ್ಕಿರುವ ಜಾಲವಾದರೆ ಅನಂತ. ಪೇಜ್‌ರ್‍ಯಾಂಕ್ ತರಹ 0.15 ಸಂಭಾವ್ಯತೆಯ ಯಾದೃಚ್ಛಿಕ ನೆಗೆತ ಸೇರಿಸಿದರೆ ಮಿತವಾಗುತ್ತದೆ. ಆದರೆ ಹತ್ತು ಕೊಂಡಿ ಹೊರಡುವ ನೋಡ್, ಹತ್ತು ಲಕ್ಷ ನೋಡ್‌ಗಳ ಜಾಲ ಎಂದರೆ ಮುಂದಿನ ಸಂಭಾವ್ಯತೆ 0.085, ಹಿಂದಿನದು 0.00000015, ಲಾಗ್ 13.2. ಜಾಲ ಹತ್ತು ಪಟ್ಟು ದೊಡ್ಡದಾದರೆ ಇನ್ನೊಂದು 2.3 ಸೇರುತ್ತದೆ. ಶಾಖವೂ ಇಲ್ಲ, ಬಾತೂ ಇಲ್ಲ, ಇದನ್ನು ಥರ್ಮೊಡೈನಾಮಿಕ್ಸ್ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಕಾಲದ ದಿಕ್ಕನ್ನು ಗುರುತಿಸುವ ಅಳತೆ ಎಂದರೆ ಒಪ್ಪಬಹುದು.

ಮಾರ್ಕೊವ್‌ಮಾವ
ಟಿಯುಆರ್‌ಗೆ ಹೋಗಿ ಅಂದಿರಿ, ಷರತ್ತುಗಳನ್ನೂ ಹೇಳಿಬಿಡೋಣ. ಬರಾಟೊ ಮತ್ತು ಸೈಫರ್ಟ್ 2015ರಲ್ಲಿ ಮಂಡಿಸಿದರು, ಗಿಂಗ್ರಿಚ್ ಮತ್ತು ಸಂಗಡಿಗರು 2016ರಲ್ಲಿ ಸಾಧಿಸಿದರು. ನಿರಂತರ ಕಾಲದ ಮಾರ್ಕೊವ್ ಜಿಗಿತ ಅಥವಾ ಜಡತ್ವವಿಲ್ಲದ ಡಿಫ್ಯೂಶನ್, ಸ್ಟೆಡಿ ಸ್ಟೇಟ್, ಇಷ್ಟಿದ್ದರೆ ಸರಿ. ಕಾಲವನ್ನು ತುಂಡು ತುಂಡಾಗಿ ತೆಗೆದುಕೊಂಡ ಮಾದರಿಗೆ ಇದೇ ರೂಪದಲ್ಲಿ ಹಚ್ಚಬಾರದು, ಅಲ್ಲಿ ಮುರಿಯುತ್ತದೆ. ಜಡತ್ವ ಉಳಿದಿರುವ ವ್ಯವಸ್ಥೆಗಳಲ್ಲೂ ಮುರಿಯುವ ಉದಾಹರಣೆಗಳಿವೆ.

ಕೈನೆಸಿನ್‌ಗೆ ಸಂಖ್ಯೆ ಹಾಕಿ ನೋಡಿ. ಷ್ನಿಟ್ಜರ್ ಮತ್ತು ಬ್ಲಾಕ್ 1997ರಲ್ಲಿ ಅಳೆದಂತೆ ಎಟಿಪಿ ಧಾರಾಳವಾಗಿರುವಾಗ, ಹೊರೆ ಕಡಿಮೆ ಇರುವಾಗ, ಹೆಜ್ಜೆಗಳ ವೇರಿಯನ್ಸ್ ÷ ಸರಾಸರಿ ಸುಮಾರು 0.5. ಹೆಜ್ಜೆಗೆ ಕನಿಷ್ಠ 2 ÷ 0.5 = 4 ಕೆಬಿ ಎಂದು ಟಿಯುಆರ್ ಹೇಳುತ್ತದೆ. ನಿಜವಾದದ್ದು 23.8 ಎಂದುಕೊಂಡರೆ ಶೇ. 17 ಮಾತ್ರ ಸಿಕ್ಕಿತು. ಟಿಯುಆರ್ ಮೇಲೆ ನನಗಿರುವ ದೂರು ಅದೇ: ಸಮತೋಲನದ ಹತ್ತಿರ ಬಿಗಿ, ಬೇಕಾದ ಕಡೆ ಸಡಿಲ.

ದಕ್ಷತೆಗೆ ಉಪಯೋಗ ಹೆಚ್ಚು. ಪಿಯೆಟ್ಜೊಂಕಾ, ಬರಾಟೊ, ಸೈಫರ್ಟ್ 2016ರ ಸೂತ್ರ: ದಕ್ಷತೆ ≤ 1 ÷ (1 + ವೇಗ × ಕೆಟಿ ÷ (ಡಿಫ್ಯೂಶನ್ ಗುಣಾಂಕ × ಬಲ)). 5 ಪಿಕೊನ್ಯೂಟನ್‌ಗೆ ಆ 0.5 ಹಾಕಿದರೆ ಮಿತಿ 0.71. ಹೊರೆ ಏರಿದಂತೆ ಅನುಪಾತವೂ ಏರುತ್ತದೆ, 1 ಹಾಕಿದರೆ ಮಿತಿ 0.83. ಹೆಜ್ಜೆಗೊಂದು ಎಟಿಪಿ ಲೆಕ್ಕದಲ್ಲಿ ದಕ್ಷತೆ 40 ÷ 97.8, ಅಂದರೆ 0.41. ಎಟಿಪಿ ಶಕ್ತಿ ಎಷ್ಟೆಂದು ಗೊತ್ತಿಲ್ಲದೆಯೂ ಮಿತಿ ಸಿಕ್ಕಿತಲ್ಲ, ಅದು ಇದರ ಲಾಭ.

ಶಾಖಸ್ನಾನ
ಸುತ್ತುಗಳ ಅಫಿನಿಟಿ ಪ್ರಿಂಟ್ ಮಾಡಿದೆ. ಮುಂದಿನ ಸುತ್ತು ಸರಿ, ಹಿಂದಿನ ಸುತ್ತಿನಲ್ಲಿ 5→4 ದರ ನಿರ್ಬಂಧಕ್ಕೆ ಹೊಂದುತ್ತಿರಲಿಲ್ಲ. ಸರಿಪಡಿಸಿದ ಮೇಲೆ ಒಂದನೆಯ ಮತ್ತು ಎರಡನೆಯ ದಾರಿ ಕೂಡಿಬಂದವು. ಉಳಿದದ್ದು ಸ್ಟಾಲ್. ಮಣಿಯ ಹೆಜ್ಜೆಗಳನ್ನು ಮಾತ್ರ ನೋಡಿ ಸೊನ್ನೆಗಿಂತ ಹೆಚ್ಚಿನ ಮಿತಿ ತೆಗೆಯಲು ಸಾಧ್ಯವೇ ಇಲ್ಲವೇ?

ಕೊಂಡಿಕೋಲು
ಇದೆ. 2022ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಕೊಟ್ಟವು, ವಾನ್ ಡೆರ್ ಮೇರ್, ಎರ್ಟೆಲ್, ಸೈಫರ್ಟ್ ಒಂದು ಕಡೆ, ಹರುನಾರಿ, ದತ್ತಾ, ಪೊಲೆಟ್ಟಿನಿ, ರೊಲ್ಡಾನ್ ಇನ್ನೊಂದು ಕಡೆ. ಕರೆಂಟನ್ನು ಬಿಟ್ಟು ಜಿಗಿತಗಳ ಸಾಲನ್ನೂ ನಡುವೆ ಕಾಯುವ ಸಮಯವನ್ನೂ ನೋಡಬೇಕು.

ಸಾಲಿನ ಎಣಿಕೆ ಮಾತ್ರ ಸಾಲದು. ಸ್ಟಾಲ್‌ನಲ್ಲಿ ಮುಂದೆ-ಹಿಂದೆ ಎಣಿಕೆಗಳು ಸಮ, ಮುಂದೆಯಿಂದ ಹಿಂದೆಗೆ ಹೊರಳಿದ್ದಷ್ಟೇ ಸಲ ಹಿಂದೆಯಿಂದ ಮುಂದೆಗೂ ಹೊರಳಿರುತ್ತದೆ, ಹಾಗಾಗಿ ಮುಂದೆ-ಮುಂದೆ ಮತ್ತು ಹಿಂದೆ-ಹಿಂದೆ ಜೋಡಿಗಳ ಎಣಿಕೆಯೂ ಸಮ. ಲಾಗ್ ಸೊನ್ನೆ. ಮಾಹಿತಿ ಇರುವುದು ಕಾಯುವ ಸಮಯದ ಹಂಚಿಕೆಯ ಆಕಾರದಲ್ಲಿ. ಎರಡು ಮುಂದಿನ ಹೆಜ್ಜೆಗಳ ನಡುವೆ ವ್ಯವಸ್ಥೆ 5ರಿಂದ 2ಕ್ಕೆ ಬರಬೇಕು, ಎರಡು ಹಿಂದಿನ ಹೆಜ್ಜೆಗಳ ನಡುವೆ 2ರಿಂದ 5ಕ್ಕೆ. ಹೋಗಲು ಒಂದೇ ದಾರಿ ಇದ್ದಿದ್ದರೆ ಎರಡೂ ಹಂಚಿಕೆಗಳ ಆಕಾರ ಒಂದೇ ಆಗುತ್ತಿತ್ತು. ಇಲ್ಲಿ ದಾರಿ ಎರಡು, 6-1 ಮೂಲಕ ಮತ್ತು 4-3 ಮೂಲಕ, ದರಗಳು ಬೇರೆ. ಆಕಾರ ಬೇರೆಯಾದಷ್ಟೂ ಮಿತಿ ಸೊನ್ನೆಯಿಂದ ಮೇಲೇಳುತ್ತದೆ.

ಮಾಡುವ ಕ್ರಮ: ಎರಡೂ ಹಂಚಿಕೆಗಳನ್ನು ಲಾಗ್ ಅಗಲದ ಬಿನ್‌ಗಳಲ್ಲಿ ಹಾಕಿ, ಖಾಲಿ ಬಿನ್‌ಗಳನ್ನು ಪಕ್ಕದ್ದಕ್ಕೆ ಸೇರಿಸಿ, ಬಿನ್‌ವಾರು (ವ್ಯತ್ಯಾಸ × ಅನುಪಾತದ ಲಾಗ್) ಕೂಡಿ. ಬಿನ್ ಜಾಸ್ತಿ ಮಾಡಿದರೆ ಎಣಿಕೆಗಾರರು ಹೇಳಿದ ವಾಲಿಕೆ ಇಲ್ಲಿಯೂ ಬರುತ್ತದೆ. ಮುಂದೆ-ಹಿಂದೆ ಎಂಬ ಗುರುತುಗಳನ್ನು ಅದಲುಬದಲು ಮಾಡಿ ಕಲಸಿ ಅದೇ ಲೆಕ್ಕ ಓಡಿಸಿ, ಬಂದ ಸಂಖ್ಯೆಗಿಂತ ನಿಮ್ಮದು ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ನಂಬಿ.

ತುಂಗೆಯಾಚೆ
ಒಂದು ಎಚ್ಚರಿಕೆ ಸೇರಿಸುತ್ತೇನೆ, ಇದನ್ನು ಜೀವಕೋಶದೊಳಗೆ ಒಯ್ಯುವವರಿಗೆ. ಮೇಲಿನ ಕೆಟಿ ಎಲ್ಲವೂ ಬಾತ್ ಸಮತೋಲನದಲ್ಲಿದೆ ಎಂದುಕೊಂಡು ಬಂದದ್ದು. ಬಾತೇ ಚಟುವಟಿಕೆಯಿಂದ ಕುದಿಯುತ್ತಿದ್ದರೆ ಲೋಕಲ್ ಡೀಟೇಲ್ಡ್ ಬ್ಯಾಲೆನ್ಸ್ ಹೇಳುವ ಅನುಪಾತ ನಿಲ್ಲುವುದಿಲ್ಲ. ಬೆಂಗಳೂರಿನ ಐಐಎಸ್‌ಸಿ ಮತ್ತು ಜೆಎನ್‌ಸಿಎಎಸ್‌ಆರ್ ಸಂಶೋಧಕರು 2016ರಲ್ಲಿ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನೇ ಬಾತ್ ಮಾಡಿ ಮೈಕ್ರೊಮೀಟರ್ ಗಾತ್ರದ ಸ್ಟರ್ಲಿಂಗ್ ಎಂಜಿನ್ ಓಡಿಸಿದರಲ್ಲ, ಅಲ್ಲಿ ಕಣದ ಸ್ಥಾನದ ಹಂಚಿಕೆ ಗಾಸಿಯನ್ ಆಗಿರಲಿಲ್ಲ. ಕಣದ ಅಲುಗಾಟದಿಂದ ಒಂದು "ತಾಪಮಾನ" ತೆಗೆಯಬಹುದು, ಆದರೆ ಅದನ್ನು ತಂದು ದರಗಳ ಅನುಪಾತಕ್ಕೆ ಹಾಕಿದರೆ ಬಂದ ಎಂಟ್ರೊಪಿಯಲ್ಲಿ ಬ್ಯಾಕ್ಟೀರಿಯಾಗಳು ತಿಂದು ಖರ್ಚು ಮಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ಅಂಥ ಕಡೆ ಬಾತಿನ ಚಟುವಟಿಕೆಗೂ ನೆಟ್‌ವರ್ಕಿನಲ್ಲಿ ಒಂದು ಸ್ಥಿತಿ ಕೊಡಿ, ಇಲ್ಲವೇ ಅಂಕಿಯ ಪಕ್ಕದಲ್ಲಿ "ಕಣದ ಪಾಲು ಮಾತ್ರ" ಎಂದು ಬರೆಯಿರಿ.